ಮೂಲೆಮಟ್ಟ

ಸೂರತ್ತಿನ ದಕ್ಷಿಣದಂಚಿನಲ್ಲಿ, ಉಧನಾ ಮತ್ತು ಭೇಸ್ತಾನಗಳ ಮಗ್ಗುಲಿಗೆ, ಸೀರೆಗೆ ಬಣ್ಣ ಕಟ್ಟುವ ಮತ್ತು ಅಚ್ಚೊತ್ತುವ ಗಿರಣಿಗಳ ಹೊಗೆಗೊಳವೆಗಳಿಂದ ದೂರಕ್ಕೇ ಗುರುತು ಸಿಕ್ಕುವ ಪಾಂಡೇಸರಾದಲ್ಲಿ, ಅಂಥ ಗಿರಣಿಯೊಂದರ ಲೆಕ್ಕಪತ್ರಗಳನ್ನು ಬರೆಯುತ್ತ ಬಹುಕಾಲ ಕಳೆದಿರುವ ನಾನು, ಕಳೆದ ಮಾಘಮಾಸದಲ್ಲಿ ಮನೆಯ ಬಚ್ಚಲುಕೋಣೆಗೆ ಟೈಲ್ಸು ಹಚ್ಚಿಸಲು ತೊಡಗಿದೆನು. ಮೋರ್ಬಿಯಿಂದ ಬಂದ ಟೈಲ್ಸಿನ ಪೆಟ್ಟಿಗೆಗಳು ಪಡಸಾಲೆಯಲ್ಲಿ ಸಾಲಾಗಿ ಕುಳಿತಿದ್ದುವು. ಕೆಲಸಕ್ಕೆ ಒಪ್ಪಿದವನು, ತಾಪೀ ಕಣಿವೆಯ ರೈಲುಹಾದಿ ಹಿಡಿದು ನಂದುರ್ಬಾರದ ಕಡೆಯಿಂದ ಬಂದು ಇಲ್ಲಿ ನೆಲೆಸಿರುವ ಅನೇಕ ಖಾನದೇಶಿಗರಲ್ಲಿ ಒಬ್ಬ. ಗುಜರಾತಿಗಳು ಕಡಿಯಾ ಎಂದು ಕರೆಯುವ ಕಸುಬುದಾರನನ್ನು ಅವನ ಮರಾಠಿಯೂ ನಮ್ಮ ಧಾರವಾಡ ಸೀಮೆಯ ಕನ್ನಡವೂ ಗೌಂಡಿ ಎಂದೇ ಕರೆಯುವುದರಿಂದ, ಪರಸ್ಥಳದಲ್ಲಿ ಊರಿನ ನಂಟನೊಬ್ಬನು ಸಿಕ್ಕಂತೆ ನನಗೆ ಅವನ ಮೇಲೆ ಮೊದಲಿನಿಂದಲೇ ಒಂದು ಸಲುಗೆ ಉಂಟಾಯಿತು.

ಮೊದಲ ದಿನ ಅವನು ಒಂದು ಪೆಟ್ಟಿಗೆಯನ್ನೂ ಬಿಚ್ಚಲಿಲ್ಲ. ಗೋಡೆಯ ನೆತ್ತಿಯಲ್ಲಿ ಮೊಳೆ ಹೊಡೆದು, ಅವನು ಓಳಂಬಾ ಎನ್ನುವ ನಮ್ಮ ತೂಗುಗುಂಡನ್ನು ಇಳಿಬಿಟ್ಟು, ಅದರ ತೂಗಾಟ ನಿಲ್ಲುವವರೆಗೆ ಒಂದು ಮಾತೂ ಆಡದೆ ಕಾದು, ದಾರಕ್ಕೂ ಗೋಡೆಗೂ ನಡುವಿನ ಅಂತರವನ್ನು ಮೇಲೆ, ನಡುವೆ, ಕೆಳಗೆ ಮೂರೆಡೆಯಲ್ಲಿ ಅಳೆದು, ಪೆನ್ಸಿಲಿನಿಂದ ಗೋಡೆಯ ಮೇಲೆಯೇ ಬರೆದನು. ಕರಣೆಯ ಹಿಡಿಯಿಂದ ಗಾರೆಯನ್ನು ಗೇಣುಗೇಣಿಗೆ ತಟ್ಟುತ್ತ ಹೋಗಿ, ಟೊಳ್ಳು ಸದ್ದು ಕೇಳಿಬಂದಲ್ಲೆಲ್ಲ ಇದ್ದಿಲಿನಿಂದ ಸುತ್ತು ಬರೆದನು. ಉದ್ದನೆಯ ಅಲ್ಯೂಮಿನಿಯಂ ಮಟ್ಟಗೋಲನ್ನು ಗೋಡೆಗೆ ಅಡ್ಡಲಾಗಿಯೂ ಓರೆಯಾಗಿಯೂ ಒತ್ತಿ ಹಿಡಿದು, ಅದರ ಹಿಂದೆ ಬೆಳಕು ತೂರುವ ತಗ್ಗುಗಳನ್ನು ಗುರುತಿಸಿದನು. ಕೊನೆಗೆ ಮೂಲೆಯಿಂದ ನಲ್ಲಿಯ ಗೋಡೆಯ ಮೇಲೆ 3 ಅಡಿಗೆ ಒಂದು ಗುರುತನ್ನೂ ಉದ್ದದ ಗೋಡೆಯ ಮೇಲೆ 4 ಅಡಿಗೆ ಇನ್ನೊಂದು ಗುರುತನ್ನೂ ಮಾಡಿ, ಎರಡರ ನಡುವೆ ಟೇಪು ಹಿಡಿದನು. ಮೂಲೆ ಸರಿಯಾಗಿದ್ದರೆ ಆ ಅಂತರವು 5 ಅಡಿ ಇರತಕ್ಕದ್ದು. ಇದ್ದುದು 5 ಅಡಿ ಅರ್ಧ ಅಂಗುಲ.

ಅರ್ಧ ಅಂಗುಲವೆಂದರೆ ಏನು ಮಹಾ ಎಂದು ನನಗೆ ತೋರಿತು. ಲೆಕ್ಕ ಬರೆಯುವವನಾದುದರಿಂದ ಕಾಗದ ತೆಗೆದುಕೊಂಡು ಗುಣಿಸಿ ನೋಡಿದೆನು: ಕರ್ಣದಲ್ಲಿ ಅರ್ಧ ಅಂಗುಲ ಹೆಚ್ಚಾದರೆ ಮೂಲೆಯ ಕೋನವು 90 ಅಂಶಕ್ಕೆ ಬದಲಾಗಿ 91 ಅಂಶವಾಗುತ್ತದೆ, ಆ ಒಂದು ಅಂಶವು 6 ಅಡಿ ಉದ್ದದ ಗೋಡೆಯ ತುದಿಗೆ ಹೋಗುವಷ್ಟರಲ್ಲಿ ಒಂದೂಕಾಲು ಅಂಗುಲದ ತಪ್ಪಾಗಿ ಬೆಳೆದಿರುತ್ತದೆ. ಬರಿಯ ಗಾರೆಯ ಮೇಲೆ ಬಣ್ಣ ಬಳಿದಿದ್ದಷ್ಟು ಕಾಲ ಈ ಒಂದೂಕಾಲು ಅಂಗುಲವು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆದರೆ ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಟ್ಟು, ನಾಲ್ಕು ಅಂಚನ್ನೂ ನೇರಗೊಳಿಸಿದ ಟೈಲುಗಳನ್ನು ನೆಲದ ಮೇಲೆ ಸಾಲು ಹಿಡಿದು ಹಾಸುತ್ತ ಬಂದರೆ, ಗೋಡೆಯ ಬುಡದಲ್ಲಿ ಒಂದು ತುದಿಗೆ ಬಾರದ ಚೂರು ಇನ್ನೊಂದು ತುದಿಯಲ್ಲಿ ಒಂದೂಕಾಲು ಅಂಗುಲದ ಬೆಣೆಯಾಗಿ ಬಂದು ನಿಲ್ಲುತ್ತಿದ್ದಿತು.

"ಅಲ್ಲ ಭಾವು, ಎರಡು ಗೋಡೆಗಳೂ ಓಳಂಬಾಕ್ಕೆ ಸರಿಯಾಗಿವೆ ಎಂದು ಈಗತಾನೆ ಹೇಳಿದೆಯಲ್ಲ?" ಎಂದು ನಾನು ಆಕ್ಷೇಪಿಸಿದೆನು.

"ಹೌದು ಕಾಕಾ, ಒಂದೊಂದೂ ನೆಟ್ಟಗೇ ನಿಂತಿದೆ. ಗುಣ್ಯಾದಲ್ಲಿ ಮಾತ್ರ ಇಲ್ಲ," ಎಂದನು.

ಗುಣ್ಯಾ ಎಂದರೆ ಮೂಲೆಮಟ್ಟ. ಪಾರಸಿಯ ಗೂನಿಯಾ ಎಂಬುದರಿಂದ ಬಂದ ಮಾತು. ಕಸುಬಿನವನು ದಿನಕ್ಕೆ ಹತ್ತು ಸಲ ಆಡುವ ಆ ಮಾತನ್ನು ಅವನು ನನಗೆ ಉಪದೇಶವೆಂದು ಹೇಳಲಿಲ್ಲ, ಹೇಳಿ ಬೀಡಿ ಹಚ್ಚಿಕೊಳ್ಳಲು ಹೊರಗೆ ಹೋದನು. ಆದರೆ ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ನೆಟ್ಟಗಿರುವ ಎರಡು ಗೋಡೆಗಳು ಕೂಡಿದಲ್ಲಿ ಸೊಟ್ಟು ಹುಟ್ಟುವುದಾದರೆ, ತನ್ನಷ್ಟಕ್ಕೆ ತಾನು ನೆಟ್ಟಗಿರುವ ಮನುಷ್ಯನನ್ನು ನಾವು ಧರ್ಮಿಷ್ಠನೆಂದು ಕರೆಯುತ್ತೇವಲ್ಲ, ಅದು ಎಷ್ಟರಮಟ್ಟಿಗೆ ಸರಿ? ಆರ್ಜವವೆಂಬುದು ಒಬ್ಬನೇ ಸಂಪಾದಿಸಿಕೊಳ್ಳಬಹುದಾದ ಗುಣವೆ, ಅಥವಾ ಇಬ್ಬರು ಸೇರಿದಲ್ಲಿ ಮಾತ್ರ ಪರೀಕ್ಷೆಗೆ ಸಿಕ್ಕುವ ಗುಣವೆ?

ನಮ್ಮ ಶಾಸ್ತ್ರಗಳಲ್ಲಿ ಆರ್ಜವಕ್ಕೆ ದೊಡ್ಡ ಸ್ಥಾನವುಂಟು. ಭಗವದ್ಗೀತೆಯ ಹದಿಮೂರನೆಯ ಅಧ್ಯಾಯವು ಜ್ಞಾನದ ಲಕ್ಷಣಗಳನ್ನು ಎಣಿಸುವಾಗ ಅಹಿಂಸೆ ಕ್ಷಮೆಗಳ ಸಾಲಿನಲ್ಲಿಯೇ ಅದನ್ನು ಇರಿಸಿದೆ. ಕರ್ಣಾಟಕಕ್ಕೂ ಗುಜರಾತಿಗೂ ಸಮಾನವಾಗಿ ಸಲ್ಲುವ ಜೈನಧರ್ಮವು ತನ್ನ ದಶಧರ್ಮಗಳಲ್ಲಿ ಉತ್ತಮ ಕ್ಷಮೆ, ಉತ್ತಮ ಮಾರ್ದವಗಳ ಅನಂತರ ಉತ್ತಮ ಆರ್ಜವವನ್ನು ಹೇಳಿ, ಮನಸ್ಸು ಮಾತು ಮೈಗಳ ವ್ಯಾಪಾರದಲ್ಲಿ ವಕ್ರತೆ ಇಲ್ಲದಿರುವುದೇ ಅದೆಂದು ವಿವರಿಸುತ್ತದೆ. ಇವೆಲ್ಲವೂ ತೂಗುಗುಂಡಿನ ಆರ್ಜವಗಳು. ತೂಗುಗುಂಡಿಗೆ ನೆರೆಹೊರೆಯ ಹಂಗಿಲ್ಲ. ಅದು ತನ್ನ ಪ್ರಾಮಾಣ್ಯವನ್ನು ಗೌಂಡಿಯಿಂದ ಪಡೆಯುವುದಿಲ್ಲ, ಮನೆಯ ಒಡೆಯನಿಂದಲೂ ಪಡೆಯುವುದಿಲ್ಲ; ಯಾವ ಗೋಡೆಯ ಮುಂದೆ ತೂಗಿಸಿದರೂ ಭೂಮಿಯ ಸೆಳೆತವೊಂದಕ್ಕೇ ವಿಧೇಯವಾಗಿ ನಿಲ್ಲುತ್ತದೆ. ಆದುದರಿಂದಲೇ ದೇವರು ಮನುಷ್ಯನನ್ನು ಪರೀಕ್ಷಿಸುವ ಬಗೆಗೆ ಅದಕ್ಕಿಂತ ತಕ್ಕ ಉಪಮಾನ ದೊರೆಯುವುದು ಕಷ್ಟ. ಇಬ್ರಿಯರ ಪ್ರವಾದಿಯಾದ ಆಮೋಸನು, ಒಂದು ಗೋಡೆಯ ಬಳಿಯಲ್ಲಿ ಸ್ವಾಮಿಯು ನೂಲುಗುಂಡನ್ನು ಕೈಯಲ್ಲಿ ಹಿಡಿದು ನಿಂತಿದ್ದುದನ್ನು ದರ್ಶನದಲ್ಲಿ ಕಂಡನೆಂದು ಆ ಜನರ ಗ್ರಂಥ ಹೇಳುತ್ತದೆ. ಒಬ್ಬೊಬ್ಬನೂ ಒಂಟಿಯಾಗಿ, ಮೇಲಿನಿಂದ ಇಳಿದ ಒಂದು ದಾರದ ಎದುರಿನಲ್ಲಿ ನಿಲ್ಲಬೇಕಾದ ಆ ಗಳಿಗೆಯ ಗಾಂಭೀರ್ಯವನ್ನು ನಾನು ಎಳ್ಳಷ್ಟೂ ಕಡಿಮೆಮಾಡಲಾರೆ. ಓಲುವ ಗೋಡೆಗೆ ಮೂಲೆಮಟ್ಟ ಹಿಡಿದು ಏನು ಪ್ರಯೋಜನ?

ಆದರೂ ಮೂಲೆಮಟ್ಟವು ಕೇಳುವುದು ಬೇರೆಯೇ ಪ್ರಶ್ನೆ. ಲಂಬವು ಒಂದೇ ಗೋಡೆಗೆ ಇರಬಲ್ಲ ಧರ್ಮ. ಸಮಕೋನವು ಒಂದೇ ಗೋಡೆಗೆ ಎಂದಿಗೂ ಇರಲಾರದ ಧರ್ಮ. ಈ ಭೇದವನ್ನು ನಮ್ಮ ಪೂರ್ವಿಕರು ಬಹು ಹಿಂದೆಯೇ ಯಜ್ಞಭೂಮಿಯಲ್ಲಿ ಕಂಡುಕೊಂಡಿದ್ದರು. ಶುಲ್ಬವೆಂದರೆ ಹಗ್ಗ, ಬೌಧಾಯನ, ಆಪಸ್ತಂಬ, ಕಾತ್ಯಾಯನಾದಿಗಳ ಶುಲ್ಬಸೂತ್ರಗಳೆಂದರೆ ಹಗ್ಗ ಮತ್ತು ಗೂಟಗಳಿಂದ ವೇದಿಯನ್ನು ಅಳೆಯುವ ಶಾಸ್ತ್ರ. ದೀರ್ಘಚತುರಶ್ರದ ಕರ್ಣಕ್ಕೆ ಹಿಡಿದ ಹಗ್ಗವು, ಎರಡು ಬಾಹುಗಳು ಬೇರೆಬೇರೆಯಾಗಿ ಉಂಟುಮಾಡುವ ಕ್ಷೇತ್ರಗಳೆರಡನ್ನೂ ತಾನೊಂದೇ ಉಂಟುಮಾಡುವುದೆಂದು ಬೌಧಾಯನನು ವಿಧಿಸಿ, 3–4, 5–12, 8–15, 7–24 ಮುಂತಾದ ಜೋಡಿಗಳಲ್ಲಿ ಅದನ್ನು ಕಾಣಬಹುದೆಂದು ತೋರಿಸಿದ್ದಾನೆ. ನನ್ನ ಬಚ್ಚಲಿನಲ್ಲಿ ಖಾನದೇಶದ ಗೌಂಡಿಯು ಹಿಡಿದ ಟೇಪು ಆ ಹಗ್ಗವೇ. ಐದು ಪದರಗಳಲ್ಲಿ, ಪದರವೊಂದಕ್ಕೆ 200ರಂತೆ 1000 ಇಟ್ಟಿಗೆಗಳನ್ನು ಜೋಡಿಸಿ ಕಟ್ಟುವ ಶ್ಯೇನಚಿತಿಯೆಂಬ ವೇದಿಯಲ್ಲಿ, ಕೆಳಗಿನ ಪದರದ ಸಂದಿನ ಮೇಲೆ ಮೇಲಿನ ಪದರದ ಸಂದು ಬೀಳಕೂಡದೆಂಬ ನಿಯಮವೂ ಉಂಟು. ಇಟ್ಟಿಗೆಯ ಅಳತೆ ಸರಿಯಾಗಿದ್ದರೆ ಸಾಲದು, ನೆರೆಯ ಇಟ್ಟಿಗೆಯೊಡನೆ ಅದು ಕೂಡುವ ಬಗೆಯೂ ಸರಿಯಾಗಿರಬೇಕು. ಮಂತ್ರವು ಶುದ್ಧವಾಗಿದ್ದು ವೇದಿಯು ಓರೆಯಾಗಿದ್ದರೂ ಯಜ್ಞಕ್ಕೆ ಕುಂದೆಂದು ಬಗೆದ ಆ ಜನರು, ದೇವರಿಗೆ ಸಲ್ಲಿಸುವುದರಲ್ಲಿ ಒಳಗಿನ ಶ್ರದ್ಧೆಯನ್ನೂ ಹೊರಗಿನ ಹೊಂದಿಕೆಯನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದರು. ರೋಮಿನವರು ಬಡಗಿಯ ಮೂಲೆಮಟ್ಟಕ್ಕೆ ನಾರ್ಮಾ ಎನ್ನುತ್ತಿದ್ದರು, ಆ ಮಾತೇ ಮುಂದೆ ಯೂರೋಪಿನಲ್ಲಿ ನಡತೆಯ ನಿಯಮಕ್ಕೆ ಹೆಸರಾಯಿತು. ಚೀನಾದವರು ಕೈವಾರ ಮತ್ತು ಮೂಲೆಮಟ್ಟಗಳ ಹೆಸರನ್ನು ಸೇರಿಸಿ ಸದಾಚಾರಕ್ಕೆ ಗುಯಿಜು ಎಂದರು. ಒಬ್ಬರನ್ನೊಬ್ಬರು ಅರಿಯದ ಇಷ್ಟು ಜನ ಒಂದೇ ಉಪಕರಣದ ಕಡೆಗೆ ಬೆರಳು ತೋರಿಸಿದ್ದು ಬರಿಯ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ಇನ್ನೂ ಸಮೀಪದ ಸಾಕ್ಷಿಯೊಂದಿದೆ. ಬಸವಣ್ಣನವರು ಅಂತರಂಗದ ಶುದ್ಧಿಯನ್ನೂ ಬಹಿರಂಗದ ಶುದ್ಧಿಯನ್ನೂ ಕುರಿತು ಹೇಳಿದ, ನಮ್ಮ ಮಕ್ಕಳೆಲ್ಲ ಶಾಲೆಯಲ್ಲಿ ಕಂಠಪಾಠ ಮಾಡುವ ಆ ವಚನವನ್ನು ಒಮ್ಮೆ ಈ ದೃಷ್ಟಿಯಿಂದ ಓದಿ ನೋಡಬೇಕು. ಅಲ್ಲಿ ನಿಷೇಧಿಸಿರುವುದು ಏಳನ್ನು: ಕಳವು, ಕೊಲೆ, ಸುಳ್ಳು, ಮುನಿಸು, ಅನ್ಯರ ವಿಷಯದ ಅಸಹ್ಯ, ಆತ್ಮಪ್ರಶಂಸೆ, ಪರನಿಂದೆ. ಇವುಗಳಲ್ಲಿ ಒಂದನ್ನಾದರೂ ಮನುಷ್ಯನು ಗುಹೆಯಲ್ಲಿ ಒಬ್ಬನೇ ಕುಳಿತು ಮಾಡಬಲ್ಲನೆ? ತನ್ನನ್ನು ತಾನು ಬಣ್ಣಿಸಿಕೊಳ್ಳುವುದಕ್ಕೂ ಕೇಳುವವನೊಬ್ಬ ಬೇಕು. ಒಳಗಿನ ಶುದ್ಧಿಯ ಲಕ್ಷಣ ಹೇಳಹೊರಟ ಮಹಾನುಭಾವರು ಧ್ಯಾನ ಮೌನ ಉಪವಾಸಗಳ ಹೆಸರೆತ್ತದೆ, ಎರಡು ಗೋಡೆಗಳು ಕೂಡುವ ಮೂಲೆಗಳನ್ನೇ ಒಂದೊಂದಾಗಿ ತೋರಿಸಿ, ಒಳಗಿನದೂ ಇದೇ, ಹೊರಗಿನದೂ ಇದೇ ಎಂದುಬಿಟ್ಟರು. ಇದನ್ನು ನಾನು ಬಾಲ್ಯದಿಂದ ಬಾಯಿಪಾಠವಾಗಿ ಬಲ್ಲೆನಾದರೂ, ಅದರ ಅರ್ಥವು ಮನಸ್ಸಿಗೆ ತಟ್ಟಿದ್ದು ಪಾಂಡೇಸರಾದ ಬಚ್ಚಲಿನಲ್ಲಿ.

ಮರುದಿನ ಗೌಂಡಿ ಬಂದಾಗ ನಾನು ಕೇಳಿದ ಮೊದಲ ಪ್ರಶ್ನೆ, ಎರಡರಲ್ಲಿ ತಪ್ಪಿದ ಗೋಡೆ ಯಾವುದು ಎಂಬುದು. ಲೋಕದಲ್ಲಿ ನಾವೆಲ್ಲರೂ ಮೊದಲು ಕೇಳುವ ಪ್ರಶ್ನೆಯೂ ಇದೇ ಅಲ್ಲವೆ? ಟೇಪು ಅದನ್ನು ಹೇಳುವುದಿಲ್ಲ, ಎಂದು ಅವನು ಉತ್ತರವಿತ್ತನು. ಮೂಲೆ ಬಿರಿದಿದೆ ಎಂದಷ್ಟೇ ಅದು ಹೇಳಬಲ್ಲುದು. ಇದು ಆಚೆ ಸರಿಯಿತೋ ಅದು ಈಚೆ ಸರಿಯಿತೋ ಎಂಬ ನ್ಯಾಯನಿರ್ಣಯ ಕರ್ಣದ ಅಳತೆಯೊಳಗಿಲ್ಲ. ಉದ್ದದ ಗೋಡೆಯು ನಮಗೂ ನೆರೆಯವರಿಗೂ ಸಾಮಾನ್ಯವಾದುದು. ನೆರೆಯವರು ಒಡಿಶಾದ ಗಂಜಾಂ ಜಿಲ್ಲೆಯಿಂದ ಬಂದು ಮಗ್ಗದ ಕಾರ್ಖಾನೆಯಲ್ಲಿ ದುಡಿಯುವ ಸಂಸಾರಸ್ಥರು. ಕುತೂಹಲಕ್ಕಾಗಿ ಅವನು ಅವರ ಅಪ್ಪಣೆ ಪಡೆದು ಅವರ ಮನೆಯೊಳಕ್ಕೆ ಹೋಗಿ, ಅದೇ ಗೋಡೆಯ ಆಚೆಯ ಮುಖಕ್ಕೆ 3–4 ಗುರುತು ಹಾಕಿ ಅಳೆದನು. ಅಲ್ಲಿ ನೂಲೆಳೆ ತಪ್ಪಿಲ್ಲದೆ 5 ಅಡಿ. ನಮ್ಮ ಓಣಿಯು ಸರಿಯಾಗಿ ಆ ಗೋಡೆಯ ಬಳಿಯಲ್ಲಿ ತುಸು ತಿರುಗುತ್ತದೆ. ತಿರುವಿನ ಆಚೆಯ ಮನೆಗಳು ತಮ್ಮ ಪಾಲಿನ ಓಣಿಗೆ ಸರಿಯಾಗಿ ಎದ್ದವು, ಈಚೆಯವು ತಮ್ಮ ಪಾಲಿನದಕ್ಕೆ. ನಡುವಿನ ಗೋಡೆಯು ಆಚೆಯವರಿಗೆ ಸಮಕೋನವಾಗಿಯೂ ನಮಗೆ ಓರೆಯಾಗಿಯೂ ನಿಂತಿತು. ಯಾರ ಕೈಯೂ ತಪ್ಪಿರಲಿಲ್ಲ.

ಇದನ್ನು ಕೇಳಿ, ಸತ್ಯವು ಅವರವರ ಮನೆಗೆ ತಕ್ಕಂತೆ ಎಂದು ಹೇಳಿ ಕೈತೊಳೆದುಕೊಳ್ಳುವವರು ಇರಬಹುದು. ಅನೇಕಾಂತವಾದದ ಹೆಸರನ್ನು ಹೀಗೆ ಸೋಮಾರಿತನಕ್ಕೆ ಎರವು ತರುವುದೂ ಉಂಟು. ಅದು ಆ ದರ್ಶನಕ್ಕೆ ಮಾಡುವ ಅನ್ಯಾಯ. ಒಂದು ವಸ್ತುವಿಗೆ ಅನೇಕ ಮುಖಗಳುಂಟೆಂದು ಜೈನಾಚಾರ್ಯರು ಹೇಳಿದರೇ ಹೊರತು, ಪ್ರತಿಮುಖದಲ್ಲಿಯೂ ಅಳತೆಯನ್ನು ಬಿಟ್ಟುಬಿಡಬಹುದೆಂದು ಹೇಳಲಿಲ್ಲ. ಯಾವ ಅಪೇಕ್ಷೆಯಿಂದ ಎಂಬುದನ್ನು ತಿಳಿಸಿದ ಮೇಲೆ ಅವರ ವಾಕ್ಯವು ಖಚಿತವಾಗಿಯೇ ನಿಲ್ಲುತ್ತದೆ. ಆಚೆಯ ಮುಖದಲ್ಲಿ 5 ಅಡಿ, ಈಚೆಯ ಮುಖದಲ್ಲಿ 5 ಅಡಿ ಅರ್ಧ ಅಂಗುಲ. ಎರಡೂ ನಿಜ, ಎರಡನ್ನೂ ಅಳೆದೇ ತಿಳಿಯಬೇಕು.

ಹಾಗಾದರೆ ಬಗ್ಗಬೇಕಾದವರು ಯಾರು? ಇದನ್ನು ಗೌಂಡಿಯು ಕ್ಷಣದಲ್ಲಿ ತೀರ್ಮಾನಿಸಿದನು. ನಲ್ಲಿಯ ಗೋಡೆಯೊಳಗೆ ನೀರಿನ ಕೊಳವೆಗಳು ಹೂತಿವೆ, ಅದಕ್ಕೆ ಬಾಗಿಲ ಚೌಕಟ್ಟು ತಗುಲಿದೆ; ಅದನ್ನು ಅಲುಗಿಸುವಂತಿಲ್ಲ. ಉದ್ದದ ಗೋಡೆಯ ಈಚೆಯ ಮುಖಕ್ಕೆ ಯಾವ ಹೊರೆಯೂ ಇಲ್ಲವಾದುದರಿಂದ ಗಾರೆಯನ್ನು ಅದೇ ತಾಳಿಕೊಳ್ಳಲಿ. ತಪ್ಪು ಯಾರದೆಂದು ಅವನು ನೋಡಲಿಲ್ಲ. ಹೊರಬಲ್ಲವರು ಯಾರೆಂದು ನೋಡಿದನು. ದಂಡನೀತಿಗೂ ಧರ್ಮಕ್ಕೂ ಇರುವ ಅಂತರವನ್ನು ನಾನು ಓದಿದ ಪುಸ್ತಕಗಳು ಯಾವುವೂ ನನಗೆ ಇಷ್ಟು ಸ್ಫುಟವಾಗಿ ತೋರಿಸಿರಲಿಲ್ಲ.

ಅನಂತರದ ಕ್ರಮವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ಪ್ರಾಯಶ್ಚಿತ್ತವೆಂಬ ಮಾತನ್ನು ನಾವು ಬಾಯಿಂದ ಉಚ್ಚರಿಸಿ ಮುಗಿಸುವ ಕರ್ಮವೆಂದು ತಿಳಿದುಬಿಟ್ಟಿದ್ದೇವೆ. ಎಣ್ಣೆಬಣ್ಣ ಬಳಿದ ನುಣುಪಾದ ಗೋಡೆಯ ಮೇಲೆ ಹೊಸ ಗಾರೆ ಎಷ್ಟು ಒಳ್ಳೆಯದಾಗಿದ್ದರೂ ಹಿಡಿಯುವುದಿಲ್ಲ. ಕೆಲವು ತಿಂಗಳಲ್ಲಿ ಟೈಲ್ಸಿನ ಸಮೇತ ಹಪ್ಪಳದಂತೆ ಎದ್ದು ಬರುತ್ತದೆ. ಆದುದರಿಂದ ಮೊದಲು ಟೊಳ್ಳು ಸದ್ದು ಬಂದ ಗಾರೆಯನ್ನೆಲ್ಲ ಇಟ್ಟಿಗೆ ಕಾಣುವವರೆಗೆ ಕೆಡಹಿದರು. ಉಳಿದ ಭಾಗಕ್ಕೆ ಉಳಿಯಿಂದಲೂ ಸುತ್ತಿಗೆಯಿಂದಲೂ ಬೆರಳಗಲಕ್ಕೊಂದರಂತೆ ಕಚ್ಚು ಹೊಡೆದರು. ನೆನ್ನೆಯವರೆಗೆ ತನ್ನ ನುಣುಪಿನಿಂದ ಕಣ್ಣಿಗೆ ಹಿತವಾಗಿದ್ದ ಗೋಡೆಯು ಸಿಡುಬು ಎದ್ದವನ ಮುಖದಂತಾಯಿತು. ಧೂಳು ತೊಳೆದು, ಇಟ್ಟಿಗೆ ಕುಡಿಯುವಷ್ಟು ನೀರು ಕುಡಿಸಿ, ತೆಳುವಾದ ಸಿಮೆಂಟಿನ ತಿಳಿ ಬಳಿದರು. ನಲ್ಲಿಯ ಮೂಲೆಯಲ್ಲಿ ಏನೂ ಇಲ್ಲದೆ ಆರಂಭವಾಗಿ ದೂರದ ತುದಿಯಲ್ಲಿ ಒಂದೂಕಾಲು ಅಂಗುಲವಾಗುವ ಬೆಣೆಯನ್ನು ದಾರ ಕಟ್ಟಿ ತೋರಿಸಿಕೊಂಡು, ಅಷ್ಟು ದಪ್ಪವನ್ನು ಒಮ್ಮೆಗೇ ಮೆತ್ತಿದರೆ ತನ್ನ ಭಾರಕ್ಕೆ ತಾನೇ ಜಾರುವುದೆಂದು ಎರಡು ಪದರ ಮಾಡಿ, ಮೊದಲನೆಯದು ಹಸಿಯಾಗಿರುವಾಗಲೇ ಕರಣೆಯ ಮೊನೆಯಿಂದ ಗೀರುಗಳನ್ನೆಳೆದು, ಒಂದು ದಿನ ಬಿಟ್ಟು ಎರಡನೆಯದನ್ನು ಹಚ್ಚಿ, ಆಮೇಲೆ ಏಳು ದಿನ ನೀರು ಹೊಡೆದರು. ಗಾಯವಾಗದ ಮೇಲ್ಮೈಗೆ ತಿದ್ದುಪಡಿ ಅಂಟದು. ತಾನು ನೆಟ್ಟಗಿದ್ದೇನೆಂಬ ನುಣುಪು ನಮ್ಮಲ್ಲಿ ಎಷ್ಟು ಹೆಚ್ಚೋ, ಹೊಸ ಪದರವು ಜಾರಿಬೀಳುವುದೂ ಅಷ್ಟೇ ಬೇಗ.

ಇಲ್ಲಿ ಒಂದು ಶಂಕೆ ಏಳಬಹುದು. ಎಲ್ಲರನ್ನೂ ಮೂಲೆಮಟ್ಟಕ್ಕೆ ತರಹೊರಟರೆ ಜೀವನವು ಟೈಲ್ಸಿನ ಗೋಡೆಯಂತೆ ಒಂದೇ ಬಗೆಯ ಚೌಕಗಳ ಸಾಲಾಗಿ, ನೀರಸವಾಗುವುದಿಲ್ಲವೆ? ಇದಕ್ಕೆ ಉತ್ತರವು ನಮ್ಮ ಗದಗಿನ ಸಮೀಪದ ಡಂಬಳದಲ್ಲಿದೆ. ಹನ್ನೆರಡನೆಯ ಶತಮಾನದ ದೊಡ್ಡಬಸಪ್ಪನ ಗುಡಿಯನ್ನು ದೂರದಿಂದ ನೋಡಿದವರಿಗೆ ಅದು ಹೆಚ್ಚುಕಡಮೆ ದುಂಡಗೆ, ಅರಳಿದ ಹೂವಿನಂತೆ ತೋರುತ್ತದೆ. ಹತ್ತಿರ ಹೋಗಿ ಎಣಿಸಿದರೆ ಅದರ ವಿನ್ಯಾಸ 24 ಮೂಲೆಗಳ ನಕ್ಷತ್ರ. ಒಂದೇ ಕೇಂದ್ರದ ಸುತ್ತ ಆರು ಚೌಕಗಳನ್ನು 15 ಅಂಶಗಳಷ್ಟು ತಿರುಗಿಸುತ್ತ ಹೋದರೆ ದೊರೆಯುವ ಆಕೃತಿ. ಹೊರಕ್ಕೆ ಚಾಚಿದ ಪ್ರತಿಯೊಂದು ಮೂಲೆಯೂ ಸಮಕೋನ. ಆರು ಚೌಕಗಳಲ್ಲಿ ಒಂದಾದರೂ ಓರೆಯಾಗಿದ್ದರೆ ಆ ಹೂವು ಅರಳುತ್ತಿರಲಿಲ್ಲ.

ನನ್ನ ಸ್ವಂತದ ಒಂದು ಮಾತನ್ನು ಹೇಳದೆ ಈ ಬರವಣಿಗೆ ಪ್ರಾಮಾಣಿಕವಾಗದು. ಊರಿನಲ್ಲಿರುವ ನನ್ನ ಅಣ್ಣನೂ ನಾನೂ ಭಾವಿಯ ನೀರಿನ ಪಾಳಿಯ ವಿಷಯದಲ್ಲಿ ಮನಸ್ಸು ಮುರಿದುಕೊಂಡು ಹನ್ನೊಂದು ವರ್ಷಗಳಾದುವು. ಅಣ್ಣನು ಜೀವಮಾನದಲ್ಲಿ ಸುಳ್ಳು ಹೇಳಿದುದನ್ನು ನಾನು ಕಂಡಿಲ್ಲ. ಲೆಕ್ಕದಲ್ಲಿ ಒಂದು ಪೈಯನ್ನು ನಾನೂ ಅತ್ತಿತ್ತ ಮಾಡಿದವನಲ್ಲ. ಅವನ ಮಾತು ಅವನ ಹೊಲದ ಕಡೆಯಿಂದ ಅಳೆದರೆ ಸರಿ, ನನ್ನದು ನನ್ನ ಪಾಲಿನ ಕಡೆಯಿಂದ ಅಳೆದರೆ ಸರಿ. ತಪ್ಪಿದವರು ಯಾರೆಂದು ಹನ್ನೊಂದು ವರ್ಷ ವಿಚಾರಿಸಿದ್ದಾಯಿತು. ಆದರೆ ಆ ನೀರಿನಿಂದಲೇ ಅವನ ಮಕ್ಕಳ ಅನ್ನ ಬೆಳೆಯಬೇಕು, ಕೊಳವೆಗಳೂ ಚೌಕಟ್ಟೂ ಇರುವುದು ಅವನ ಗೋಡೆಯಲ್ಲಿ. ತಿಂಗಳ ಸಂಬಳದಿಂದ ಪಾಂಡೇಸರಾದಲ್ಲಿ ಬದುಕುವ ನನ್ನ ಮುಖಕ್ಕೆ ಯಾವ ಹೊರೆಯೂ ಇಲ್ಲ. ಗಾರೆಗೆ ನೀರು ಹೊಡೆಯುತ್ತಿದ್ದ ಆ ಏಳು ದಿನಗಳಲ್ಲಿ ಒಂದು ದಿನ, ನನ್ನ ಪಾಳಿಯನ್ನು ಬಿಟ್ಟುಕೊಟ್ಟಿದ್ದೇನೆಂದು ಅವನಿಗೆ ಕಾಗದ ಬರೆದು ಹಾಕಿದೆನು.

ಈಗ ನಮ್ಮ ಬಚ್ಚಲು ದೂರದ ತುದಿಯಲ್ಲಿ ಮೊದಲಿಗಿಂತ ಒಂದೂಕಾಲು ಅಂಗುಲ ಕಿರಿದಾಗಿದೆ. ಟೈಲುಗಳು ಮೂಲೆಯಿಂದ ಮೂಲೆಗೆ ಚೂರಿಲ್ಲದೆ ಕೂತಿವೆ. ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ಈ ಕೆಲಸಕ್ಕೆ ಕೂಲಿಯನ್ನು ಚದರಡಿಯ ಲೆಕ್ಕದಲ್ಲಿ ಕೊಡುವ ವಾಡಿಕೆ ಇರುವುದರಿಂದ, ತೂಗುಗುಂಡು ಇಳಿಬಿಟ್ಟು, ಗೋಡೆ ತಟ್ಟಿ, ಕರ್ಣ ಅಳೆದ ದಿನ ಗೌಂಡಿಗೆ ಏನೂ ಸಿಕ್ಕುವುದಿಲ್ಲ. ಅದಕ್ಕಾಗಿಯೇ ಎಷ್ಟೋ ಮಂದಿ ಅಳೆಯದೆಯೇ ಹಚ್ಚಿಬಿಡುತ್ತಾರೆ. ನಿಮ್ಮ ಮನೆಗೆ ಟೈಲ್ಸು ಹಾಕಿಸುವಾಗ ಆ ಮೊದಲ ದಿನದ ಕೂಲಿಯನ್ನು ಬೇರೆಯಾಗಿ, ಮುಂಚಿತವಾಗಿಯೇ ಮಾತಾಡಿ ಕೊಟ್ಟುಬಿಡಿರಿ.